ಅಪ್ಪನ ಯೆಜ್ಡಿ, ಅಪ್ಪನ ಜನತಾ

ನಾನು ಐಟಿಐ ಓದಿದ ಎಲೆಕ್ಟ್ರಿಷಿಯನ್, ಭಾಷಣ ಮಾಡಿ ಅಭ್ಯಾಸವಿಲ್ಲ. ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿತು. ಬೆಂಗಳೂರಿನ ಎಚ್‌ಎಂಟಿ ವಾಚೂ 1961ರದ್ದೇ; ಅದನ್ನು ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿದ್ದು 2016ರಲ್ಲಿ. ಕೊನೇ ವರ್ಷಗಳಲ್ಲಿ ಕೇಳೋರು ಕಮ್ಮಿ, ನಿಂತ ಮೇಲೆ ರೇಟು ಏರಿತು. ಈಗ ಹಳೇ ಡಯಲ್‌ಗೆ ಹೊಸ ಬಣ್ಣ ಬಳಿದು ಮಾರೋರೂ ಇದ್ದಾರೆ, ಹುಷಾರು.

ಅಪ್ಪನ ಹತ್ತಿರ ಎರಡೂ ಇದ್ದವು. ಯೆಜ್ಡಿಯಲ್ಲಿ ಕಿಕ್ ಲಿವರೇ ಗೇರ್ ಲಿವರ್; ಒದ್ದು ಸ್ಟಾರ್ಟ್ ಆದ ಮೇಲೆ ಮುಂದಕ್ಕೆ ತಿರುಗಿಸಿದರೆ ಗೇರು. ಅಪ್ಪ ನನಗೆ ಕಲಿಸಿದ ಮೊದಲ ಕೆಲಸ ಅದು.

ಹೋದ ವರ್ಷ ತಮ್ಮ ಮಿಲ್ಪಿಟಾಸ್‌ಗೆ ಫೋನ್ ಮಾಡಿದ: "ಅಣ್ಣಾ, ಗಾಡಿಗೆ ಒಂದೂವರೆ ಲಕ್ಷ ಕೊಡ್ತಾರಂತೆ. ಮನೆ ಸೂರು ಸೋರ್ತಾ ಇದೆ." ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಬೆಳಿಗ್ಗೆ "ಕೊಟ್ಬಿಡು" ಅಂದೆ. ಕೊಂಡವರು ಒಂದು ಕಿಕ್ಕೂ ಹೊಡೆಯದೆ ಟೆಂಪೋಗೆ ಹತ್ತಿಸಿಕೊಂಡು ಹೋದರಂತೆ. ಸೂರು ರಿಪೇರಿ ಆಯ್ತು. ಆ ಮಾತು ಮಾತ್ರ ಇನ್ನೂ ಚುಚ್ಚುತ್ತೆ.

ಜನತಾ ವಾಚು ನನ್ನ ಹತ್ತಿರವೇ ಇದೆ. ಕರೆಂಟಿನ ಪ್ಯಾನಲ್ ಮುಂದೆ ಲೋಹದ ವಾಚು ಕಟ್ಟಬಾರದು, ಅದಕ್ಕೆ ಊಟದ ಡಬ್ಬಿ ಚೀಲದಲ್ಲಿರುತ್ತೆ. ಕೆಲಸ ಮುಗಿದ ಮೇಲೆ ಕೀ ಕೊಡ್ತೀನಿ. ದಿನಕ್ಕೆ ನಾಲ್ಕು ನಿಮಿಷ ಹಿಂದೆ ಬೀಳುತ್ತೆ, ಬೀಳಲಿ. ಇವತ್ತೂ ತಂದಿದೀನಿ, ಬೇಕಾದವರು ಊಟದ ಹೊತ್ತಿಗೆ ನೋಡಬಹುದು.