ಊರ ಮರಗಳೂ ಊರ ಹೊಣೆಯೂ

ಮಠದ ಮಹೋತ್ಸವದಲ್ಲಿ ಗಿಡಮರಗಳ ಪ್ರಸ್ತಾಪವೇಕೆಂದು ಕೆಲವರಿಗೆ ತೋರಬಹುದು. ದಾಸೋಹಕ್ಕೆ ಧಾನ್ಯವು ಹೊಲದಿಂದ ಬರುವುದು. ಪೂಜೆಗೆ ಪತ್ರೆಯು ಮರದಿಂದ ಬರುವುದು. ಆದುದರಿಂದ ಈ ವಿಷಯವು ಮಠಕ್ಕೆ ಹೊರಗಿನದಲ್ಲ.

ಮೊದಲು ಗುಬ್ಬಿ ತಾಲ್ಲೂಕಿನ ಚೇಳೂರಿನ ಒಂದು ಹಲಸಿನ ಮರದ ವೃತ್ತಾಂತವನ್ನು ಹೇಳುವೆನು. ಹಲಸನ್ನು ಬೀಜದಿಂದ ಬೆಳೆಸಿದರೆ ತಾಯಿಮರದ ಗುಣವು ಸಸಿಗೆ ಯಥಾವತ್ತಾಗಿ ಬರುವುದಿಲ್ಲ. ಒಂದು ಮರದ ಹೂವಿಗೆ ಇನ್ನೊಂದರ ಪರಾಗವು ಸೇರುವುದರಿಂದ ಪ್ರತಿಯೊಂದು ಸಸಿಯೂ ಬೇರೊಂದು ಬಗೆಯೇ ಆಗುವುದು. ಎಂದರೆ, ಒಂದು ಹಳೆಯ ಮರವನ್ನು ಮರಮುಟ್ಟಿಗೆಂದು ಕಡಿದರೆ ಕಳೆದುಹೋಗುವುದು ಬರಿಯ ಒಂದು ಮರವಲ್ಲ, ಮರಳಿ ಬಾರದ ಒಂದು ತಳಿ. ಚೇಳೂರಿನಲ್ಲಿ ಸಿದ್ದಪ್ಪನವರು ನೆಟ್ಟ ಮರವನ್ನು ಅವರ ಮಗ ಪರಮೇಶರವರು ಕಡಿಯದೆ ಕಾಪಾಡಿದರು. ಅದರ ಹಣ್ಣು ಸುಮಾರು 2.5 ಕಿಲೋಗ್ರಾಂ ತೂಕದ್ದು. ತೊಳೆಯು ತಾಮ್ರದಂತೆ ಕೆಂಪು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಅದರ ಗುಣವನ್ನು ಪರೀಕ್ಷಿಸಿ, 2017ರಲ್ಲಿ ಕಸಿಗಿಡಗಳನ್ನು ಬೆಳೆಸಲು ಆ ರೈತರೊಡನೆ ಒಪ್ಪಂದ ಮಾಡಿಕೊಂಡರು. ಮಾರಾಟದ ಹುಟ್ಟುವಳಿಯಲ್ಲಿ ಶೇಕಡಾ 75 ಭಾಗವು ರೈತರಿಗೇ ಸಲ್ಲಬೇಕೆಂದು ಗೊತ್ತಾಯಿತು. ತಂದೆಯ ನೆನಪಿಗಾಗಿ ಅದಕ್ಕೆ ‘ಸಿದ್ದು’ ಎಂದು ಹೆಸರಾಯಿತು. ಮರವನ್ನು ಕಾದವನಿಗೇ ಫಲವೂ ದೊರೆತುದು ನ್ಯಾಯವಷ್ಟೆ.

ಆದರೆ ಇಲ್ಲಿಯೇ ಒಂದು ಎಚ್ಚರಿಕೆಯೂ ಬೇಕು. ಸಿದ್ದು ಹಲಸು ಪ್ರಸಿದ್ಧವಾಯಿತೆಂದು ಉಳಿದ ಮರಗಳನ್ನೆಲ್ಲ ಕಡಿದು ಅದನ್ನೇ ನೆಟ್ಟರೆ, ಒಂದನ್ನು ಉಳಿಸಿ ನೂರನ್ನು ಕಳೆದಂತಾಗುವುದು. ಮುಂದೆ ಒಂದು ರೋಗವು ತಗಲಿದರೆ ಎಲ್ಲ ತೋಟಗಳೂ ಒಮ್ಮೆಲೇ ಕೆಡುವ ಭಯವುಂಟು. ಬಗೆಬಗೆಯಾಗಿರುವುದೇ ನಮಗೆ ರಕ್ಷೆ.

ಒಬ್ಬ ರೈತನು ತನ್ನ ಹೊಲದ ಮರವನ್ನು ಕಾಯಬಲ್ಲನು. ಊರಿಗೆಲ್ಲ ಸೇರಿದ ಗುಂಡುತೋಪನ್ನೂ ಗೋಮಾಳವನ್ನೂ ಕೆರೆಯನ್ನೂ ಕಾಯುವವರಾರು? ಜನಪದರು ಹಾಡಿ ಹೊಗಳಿದ ಕುಣಿಗಲ ಕೆರೆಯನ್ನು ನೆನೆಯಿರಿ. ಇಂತಹ ಕೆರೆಗಳ ಕೆಳಗೆ ನೀರುಗಂಟಿಯು ಗದ್ದೆಗಳಿಗೆ ನೀರನ್ನು ಹಂಚುತ್ತಿದ್ದನು. ಹೊಂಗೆಯ ಸೊಪ್ಪು ಗದ್ದೆಗೆ ಗೊಬ್ಬರವಾಗುತ್ತಿತ್ತು. ಹೊಂಗೆ, ಹಿಪ್ಪೆಗಳ ಎಣ್ಣೆಯಿಂದ ದೀಪವು ಉರಿಯುತ್ತಿತ್ತು. ಬಳಕೆಯಿದ್ದುದರಿಂದ ಕಾವಲೂ ಇದ್ದಿತು. ಬಳಕೆ ತಪ್ಪಿದೊಡನೆ ಮರದ ಹೆಸರೂ ಮಕ್ಕಳ ನಾಲಗೆಯಿಂದ ಜಾರಿತು. ತುಮಕೂರಿನ ಬಳಿಯ ದೇವರಾಯನದುರ್ಗದ ಕಾಡಿನಲ್ಲಿ ಔಷಧಿ ಸಸ್ಯಗಳಿಗಾಗಿಯೇ ಸಂರಕ್ಷಣಾ ಪ್ರದೇಶವನ್ನು ಗೊತ್ತುಮಾಡಿರುವರು. ಆದರೂ ಯಾವ ಬೇರು ಯಾವ ಬೇನೆಗೆಂಬುದನ್ನು ಬಲ್ಲ ಮುದುಕರು ಅಗಲಿದರೆ, ಗಿಡವು ಉಳಿದೂ ಅರಿವು ಅಳಿಯುವುದು.

2002ರ ಜೀವವೈವಿಧ್ಯ ಕಾಯಿದೆಯು ಪ್ರತಿಯೊಂದು ಸ್ಥಳೀಯ ಸಂಸ್ಥೆಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯೊಂದನ್ನು ರಚಿಸಬೇಕೆಂದು ವಿಧಿಸಿದೆ. ಊರಿನ ಸಸ್ಯಗಳನ್ನೂ ಅವುಗಳ ಉಪಯೋಗವನ್ನೂ ಜನರಿಂದಲೇ ಕೇಳಿ ದಾಖಲೆಯಲ್ಲಿ ಬರೆಯಿಸುವುದು ಆ ಸಮಿತಿಯ ಕರ್ತವ್ಯ. ಕಚೇರಿಯಲ್ಲಿ ಕುಳಿತು ತುಂಬಿದ ದಾಖಲೆಯು ಒಂದು ಗಿಡವನ್ನೂ ಉಳಿಸಲಾರದು. ಊರವರು ನಡೆದು ನೋಡಿ ಹೇಳಿದ ದಾಖಲೆಯೇ ನಿಜವಾದುದು.

ಆದುದರಿಂದ ಭಕ್ತಮಂಡಲಿಯಲ್ಲಿ ನನ್ನ ಬಿನ್ನಹವಿಷ್ಟೆ: ಈ ಮಹೋತ್ಸವದ ವರ್ಷವು ಮುಗಿಯುವುದರೊಳಗೆ ತಮ್ಮ ತಮ್ಮ ಊರಿನಲ್ಲಿ ಒಬ್ಬ ಹಿರಿಯರು ಒಂದು ಮಗುವಿನ ಕೈಹಿಡಿದು ತೋಪನ್ನೂ ಕೆರೆಯ ಏರಿಯನ್ನೂ ಸುತ್ತಲಿ. ಹಿರಿಯರು ಮರದ ಹೆಸರು ಹೇಳಲಿ, ಮಗುವು ಬರೆದುಕೊಳ್ಳಲಿ. ಆ ಬರಹವನ್ನು ಪಂಚಾಯಿತಿಯ ಸಮಿತಿಗೆ ಒಪ್ಪಿಸಿರಿ. ಒಂದೇ ಒಂದು ಉಳಿದಿರುವ ಮರವು ಕಂಡರೆ ಅದಕ್ಕೆ ಕೊಡಲಿ ತಗಲುವ ಮುನ್ನ ಕಸಿ ಕಟ್ಟಿಸಿರಿ. ಇದೂ ಕಾಯಕವೇ, ಮುಂದೆ ಹುಟ್ಟುವವರಿಗೆ ನಾವು ಮಾಡುವ ದಾಸೋಹವೂ ಇದೇ.