ಗಣಿಯ ಹೊರಗುಳಿದ ಹೆಂಗಸರು
(ಶತಮಾನೋತ್ಸವದ ಅಂಗವಾಗಿ ನಡೆದ ಮಹಿಳಾ ಸಮಾವೇಶದಲ್ಲಿ ಮಾಡಿದ ಭಾಷಣ)



ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳವರಾದ ನಮಗೆ ಹೆಣ್ಣಿನ ದುಡಿಮೆ ಎಂದೊಡನೆ ನೆನಪಾಗುವುದು ಕಾಫಿ ತೋಟ, ಅಡಿಕೆಯ ಅಂಗಳ. ಇಲ್ಲಿ ಗಣಿಯ ಮಾತೇಕೆ ಎಂದು ತಾವು ಕೇಳಬಹುದು. ನರಸಿಂಹರಾಜಪುರದ ಕಡೆಗೆ ಹರಿದುಬರುವ ಭದ್ರೆಯ ಮೇಲ್ಭಾಗದಲ್ಲಿಯೇ ಕುದುರೆಮುಖದ ಕಬ್ಬಿಣದ ಗಣಿಯಿತ್ತು. 1976ರಲ್ಲಿ ಸ್ಥಾಪಿತವಾದ ಕಂಪನಿಯು ಯಂತ್ರಗಳಿಂದ ಬೆಟ್ಟವನ್ನು ಅಗೆದು, ಅದಿರಿನ ರಾಡಿಯನ್ನು ಕೊಳವೆಯ ಮೂಲಕ ಮಂಗಳೂರಿಗೆ ಸಾಗಿಸುತ್ತಿತ್ತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಅದು ನಿಂತಿತು. ಯಂತ್ರವೇ ಅಗೆದು ಯಂತ್ರವೇ ಸಾಗಿಸುವಲ್ಲಿ ಬುಟ್ಟಿ ಹೊರುವವಳಿಗೆ ಸ್ಥಾನವೆಲ್ಲಿ?

ಬುಟ್ಟಿ ಹೊತ್ತ ಕಾಲವೂ ಇತ್ತು. ಸಂಡೂರಿನ ಗುಡ್ಡಗಳಲ್ಲಿ ಕೆಂಧೂಳಿನ ನಡುವೆ ಕುಳಿತು ಸುತ್ತಿಗೆಯಿಂದ ಅದಿರನ್ನು ಒಡೆದವರು, ಆರಿಸಿದವರು, ತಲೆಯ ಮೇಲೆ ಹೊತ್ತು ಲಾರಿಗೆ ತುಂಬಿದವರು ಅನೇಕರು ಹೆಂಗಸರೇ. ಉತ್ತರದ ಝರಿಯಾ, ರಾಣಿಗಂಜ್ ಕಲ್ಲಿದ್ದಲ ಗಣಿಗಳಲ್ಲಿ ಗಂಡ ಕಡಿದದ್ದನ್ನು ಹೆಂಡತಿ ಹೊರುತ್ತಿದ್ದಳು. ಅಲ್ಲಿ ಅವರನ್ನು ನೆಲದೊಳಗಿನ ಕೆಲಸದಿಂದ ಬಿಡಿಸುವ ನಿಯಮಗಳು 1929ರಲ್ಲಿ ಬಂದು, 1937ರಲ್ಲಿ ನಿಷೇಧ ಪೂರ್ಣಗೊಂಡಿತು. ಕತ್ತಲೆಯ ಸುರಂಗದಿಂದ ತಾಯಂದಿರನ್ನು ಹೊರತಂದದ್ದು ತಪ್ಪೆಂದು ನಾವು ಹೇಳಲಾರೆವು. ಆದರೆ ಮನೆಗೆ ಹೋದವಳ ಕೂಲಿಯನ್ನು ತುಂಬಿಕೊಡುವವರು ಯಾರು? ಮಹಾಯುದ್ಧದಲ್ಲಿ ಕಲ್ಲಿದ್ದಲು ಸಾಲದೆಂದು 1943ರಲ್ಲಿ ನಿಷೇಧವನ್ನು ತೆಗೆದರು. 1946ರಲ್ಲಿ ಮತ್ತೆ ಹೊರಗೆ ಕಳುಹಿಸಿದರು. ಹೆಣ್ಣಿನ ದೇಹವು ಆ ಮೂರು ವರ್ಷ ಮಾತ್ರ ಗಟ್ಟಿಯಾಗಿತ್ತೋ ಏನೋ!

ಸ್ವತಂತ್ರ ಭಾರತದ 1952ರ ಗಣಿ ಕಾಯ್ದೆಯು ಹೆಂಗಸರಿಗೆ ನೆಲದೊಳಗಿನ ಕೆಲಸ ಕೂಡದೆಂದಿತು. ನೆಲದ ಮೇಲೆ ಬೆಳಿಗ್ಗೆ 6ರಿಂದ ಸಂಜೆ 7ರವರೆಗೆ ಮಾತ್ರ. ನಮ್ಮ ಮಲೆನಾಡಿನಲ್ಲಿ ಸುಗ್ಗಿಯ ಕಾಲಕ್ಕೆ ಮೆಟ್ಟುಗತ್ತಿಯ ಮುಂದೆ ನಡುರಾತ್ರಿಯವರೆಗೆ ಅಡಿಕೆ ಸುಲಿಯುವ ಸಹೋದರಿಯರಿಗೆ ಸಂಜೆ 7 ಗಂಟೆಯನ್ನು ಯಾರೂ ಹೇಳಲಿಲ್ಲ. ಅಳತೆಯ ಮೇಲೆ ಕೂಲಿ, ಬೆರಳಿಗೆ ಗಾಯ, ಕೈಗೆ ಹೋಗದ ಕರೆ. ರಕ್ಷಣೆಯ ಮಾತು ಅಂಗಳದವರೆಗೆ ಬಂದಂತಿಲ್ಲ.

ಗಣಿಗಾರರ ಪಾಲಕಿಯೆಂದು ಪವಿತ್ರಸಭೆ ಗೌರವಿಸುವ ಸಂತ ಬಾರ್ಬರ ಹೆಣ್ಣೇ ಎಂಬುದು ಇಲ್ಲಿ ನೆನೆಯಬೇಕಾದ ವಿಷಯ; ಡಿಸೆಂಬರ್ 4 ಆಕೆಯ ಹಬ್ಬ. ಕೆಲವು ಕೆಲಸಗಳು ಹೆಂಗಸರಿಗೆ ಒಗ್ಗವು ಎಂದು ಜಗದ್ಗುರು 13ನೇ ಲಿಯೋರವರು 1891ರಲ್ಲಿ ಬರೆದರು. 1981ರಲ್ಲಿ ಜಗದ್ಗುರು 2ನೇ ಜಾನ್ ಪಾಲರು ಒಂದು ಹೆಜ್ಜೆ ಮುಂದಿಟ್ಟು, ಹೆಣ್ಣಿನ ಏಳಿಗೆಗೆ ಸಂಸಾರವನ್ನು ಬೆಲೆಯಾಗಿ ತೆರಬೇಕಾಗದಂತೆ ದುಡಿಮೆಯ ವ್ಯವಸ್ಥೆಯನ್ನೇ ರೂಪಿಸಬೇಕೆಂದು ಬೋಧಿಸಿದರು. ಈ ಎರಡನೆಯ ಮಾತೇ ನಮಗೆ ಹೆಚ್ಚು ಹಿಡಿಸುತ್ತದೆ.

2019ರಲ್ಲಿ ಸರ್ಕಾರವು ಗಣಿಯ ಬಾಗಿಲನ್ನು ತೆರೆಯಿತು. ನೆಲದೊಳಗೆ ತಾಂತ್ರಿಕ, ಮೇಲ್ವಿಚಾರಣೆ, ಆಡಳಿತದ ಕೆಲಸಕ್ಕೆ ಹೆಂಗಸರು ಹೋಗಬಹುದೆಂದಾಯಿತು. ಆಗಿನ ನಿಯಮದಂತೆ ಲಿಖಿತ ಒಪ್ಪಿಗೆ ಬೇಕಿತ್ತು, ಒಂದು ಪಾಳಿಯಲ್ಲಿ ಮೂವರಿಗೆ ಕಡಿಮೆಯಿರಬಾರದಿತ್ತು. ಓದಿದ ಹೆಣ್ಣುಮಕ್ಕಳಿಗೆ ಇದು ಶುಭವಾರ್ತೆಯೇ ಸರಿ. ಆದರೆ ಬುಟ್ಟಿಯವಳ ಕೆಲಸವನ್ನು ಅಷ್ಟರಲ್ಲಿ ಯಂತ್ರ ಎತ್ತಿಕೊಂಡಾಗಿತ್ತು.

ಅಡಿಕೆ ಸುಲಿಯುವ ಯಂತ್ರವೂ ನಮ್ಮ ಅಂಗಳಗಳಿಗೆ ಬಂದಿದೆ. ಕೂಲಿಯಿಂದ ಮಕ್ಕಳ ಶಾಲೆಯ ಖರ್ಚು ತೂಗಿಸುತ್ತಿದ್ದ ತಾಯಂದಿರು ಈ ಸಭೆಯಲ್ಲಿಯೇ ಕುಳಿತಿದ್ದಾರೆ. ಬರುವ ಸುಗ್ಗಿಗೆ ಮುಂಚೆ ನಮ್ಮ ಸ್ತ್ರೀ ಸಂಘಟನೆಯು ಅವರನ್ನು ಕರೆದು, ಯಾವ ಕೆಲಸ ಕಲಿಯಬಲ್ಲರು, ಎಷ್ಟು ಹಣದ ನೆರವು ಬೇಕು ಎಂಬುದನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಲಿ ಎಂದು ಪೂಜ್ಯ ಗುರುಗಳಲ್ಲಿ ವಿನಂತಿಸುತ್ತೇವೆ.