ಒಂದು ಡಿಸ್ಕ್ ಕೆಟ್ಟರೆ ಏನು ಮಾಡಬೇಕು?

ಬಂಗಾರಪೇಟೆಯಿಂದ ಕುಪ್ಪಂ ಕಡೆಗೆ ರೈಲಿನಲ್ಲಿ ಹೊರಟರೆ ಕಾಮಸಮುದ್ರ ನಿಲ್ದಾಣ ಸಿಗುತ್ತದೆ. ಅಲ್ಲಿ ಜೋಡಿ ಹಳಿ. ಒಂದು ಹಳಿ ದುರಸ್ತಿಗೆ ನಿಂತರೂ ಇನ್ನೊಂದರ ಮೇಲೆ ಗಾಡಿಗಳನ್ನು ನಿಧಾನವಾಗಿ ಸಾಗಿಸಬಹುದು. ಆ ಹೊತ್ತಿನಲ್ಲಿ ಎರಡನೆಯದೂ ಕೈಕೊಟ್ಟರೆ ಸಂಚಾರವೇ ನಿಲ್ಲುತ್ತದೆ. ಗಣಕಯಂತ್ರದ ‘ರೇಡ್’ ಎಂಬ ಏರ್ಪಾಡಿನ ತತ್ತ್ವವೂ ಇದೇ.

ದುಬಾರಿಯಾದ ಒಂದೇ ದೊಡ್ಡ ಡಿಸ್ಕಿನ ಬದಲು ಅಗ್ಗದ ಹಲವು ಡಿಸ್ಕುಗಳನ್ನು ಜೋಡಿಸಬಹುದೆಂದು ಬರ್ಕ್ಲಿಯ ಪ್ಯಾಟರ್‌ಸನ್, ಗಿಬ್ಸನ್ ಮತ್ತು ಕ್ಯಾಟ್ಜ್ 1988ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ವಾದಿಸಿದರು. ರೇಡ್-1ರಲ್ಲಿ ಒಂದೇ ಮಾಹಿತಿ ಎರಡು ಡಿಸ್ಕುಗಳಲ್ಲಿರುತ್ತದೆ. ರೇಡ್-5ರಲ್ಲಿ ಲೆಕ್ಕದ ಜಾಣ್ಮೆ ಇದೆ. ಒಂದು ಡಿಸ್ಕಿನಲ್ಲಿ 6, ಇನ್ನೊಂದರಲ್ಲಿ 3, ಮೂರನೆಯದರಲ್ಲಿ ಮೊತ್ತ 9 ಎಂದಿಟ್ಟುಕೊಳ್ಳಿ. ಎರಡನೆಯದು ಹೋದರೆ 9ರಿಂದ 6 ಕಳೆದು 3ನ್ನು ಮರಳಿ ಪಡೆಯಬಹುದು. ಯಂತ್ರ ಕೂಡುವ ಕ್ರಮ ಬೇರೆ, ತತ್ತ್ವ ಇದೇ. ಲಿನಕ್ಸ್ ಇದನ್ನು ವಿಶೇಷ ಕಾರ್ಡಿಲ್ಲದೆ ತಂತ್ರಾಂಶದಿಂದಲೇ ನಡೆಸುತ್ತದೆ. ಅದರ ಉಪಕರಣದ ಹೆಸರು ‘ಎಂಡಿಆಡ್ಮ್’.

ನಿಮ್ಮೂರ ಹಾಲಿನ ಡೈರಿಯ ಲೆಕ್ಕವೆಲ್ಲ ಎರಡು ಡಿಸ್ಕುಗಳ ರೇಡ್-1ರಲ್ಲಿದೆ ಎಂದು ಭಾವಿಸೋಣ. ಯಾರು ಎಷ್ಟು ಹಾಲು ಹಾಕಿದರು, ಯಾರಿಗೆ ಎಷ್ಟು ಹಣ ಬರಬೇಕು ಎಂಬುದು ಅದರಲ್ಲೇ ಇದೆ. ಒಂದು ಬೆಳಿಗ್ಗೆ ಪರದೆಯ ಮೇಲೆ ಡಿಸ್ಕಿನ ದೋಷದ ಸಂದೇಶ ಬಂತು. ಆಗ ಏನು ಮಾಡಬೇಕು?

ಮೊದಲನೆಯದಾಗಿ, ಗಾಬರಿ ಬೇಡ. ಓದಲು ಬರುವಾಗಲೇ ಮುಖ್ಯ ಕಡತಗಳನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿ.

ಎರಡನೆಯದಾಗಿ, ಸ್ಥಿತಿಯನ್ನು ಓದಿ. ‘ಪ್ರಾಕ್’ ಕಡತಕೋಶದ ‘ಎಂಡಿಸ್ಟ್ಯಾಟ್’ ಎಂಬ ಕಡತದಲ್ಲಿ ಎರಡು ‘ಯು’ ಅಕ್ಷರಗಳಿದ್ದರೆ ಎರಡೂ ಡಿಸ್ಕು ಕ್ಷೇಮ. ಒಂದು ‘ಯು’ ಬದಲು ಅಡಿಗೆರೆ ಇದ್ದರೆ ಒಂದು ಡಿಸ್ಕು ಜೋಡಿಯಿಂದ ಹೊರಗುಳಿದಿದೆ. ಡಿಸ್ಕಿನ ಹೆಸರಿನ ಪಕ್ಕ ಆವರಣದಲ್ಲಿ ‘ಎಫ್’ ಕಂಡರೆ ಅದು ವಿಫಲವಾಗಿದೆ ಎಂದರ್ಥ.

ಮೂರನೆಯದಾಗಿ, ಕಾರಣ ಹುಡುಕಿ. ‘ಡಿಮೆಸೇಜ್’ ದಾಖಲೆಯನ್ನೂ ‘ಸ್ಮಾರ್ಟ್’ ವರದಿಯನ್ನೂ ನೋಡಿ. ಓದಲಾಗದೆ ಬಾಕಿ ಉಳಿದ ಸೆಕ್ಟರುಗಳ ಸಂಖ್ಯೆ ಏರುತ್ತಿದ್ದರೆ ಡಿಸ್ಕು ಸಾಯುತ್ತಿದೆ. ‘ಸಿಆರ್‌ಸಿ’ ದೋಷಗಳು ಮಾತ್ರ ಏರುತ್ತಿದ್ದರೆ ತಪ್ಪು ಸಾಮಾನ್ಯವಾಗಿ ಕೇಬಲ್ಲಿನದು. ಒಳ್ಳೆಯ ಡಿಸ್ಕನ್ನು ಕಸಕ್ಕೆ ಎಸೆಯಬೇಡಿ.

ನಾಲ್ಕನೆಯದಾಗಿ, ಯಾವ ಡಿಸ್ಕು ಎಂದು ಖಚಿತಪಡಿಸಿಕೊಳ್ಳಿ. ‘ಎಸ್‌ಡಿಎ’, ‘ಎಸ್‌ಡಿಬಿ’ ಎಂಬ ಹೆಸರುಗಳು ಯಂತ್ರವನ್ನು ಮತ್ತೆ ಚಾಲೂ ಮಾಡಿದಾಗ ಅದಲುಬದಲಾಗಬಹುದು. ಆದ್ದರಿಂದ ಡಿಸ್ಕಿನ ಮೇಲೆ ಅಚ್ಚಾದ ಕ್ರಮಸಂಖ್ಯೆಯನ್ನು ವರದಿಯ ಸಂಖ್ಯೆಯೊಂದಿಗೆ ತಾಳೆ ನೋಡಿ. ಕೆಟ್ಟದ್ದನ್ನು ಬಿಟ್ಟು ಒಳ್ಳೆಯದನ್ನು ಕಿತ್ತರೆ ಉಳಿದ ಹಳಿಯನ್ನೂ ನಾವೇ ಕಿತ್ತಂತೆ!

ಐದನೆಯದಾಗಿ, ಎಂಡಿಆಡ್ಮ್‌ನಲ್ಲಿ ಕೆಟ್ಟ ಡಿಸ್ಕನ್ನು ‘ಫೇಲ್’ ಎಂದು ಗುರುತಿಸಿ, ‘ರಿಮೂವ್’ ಮಾಡಿ. ಅಷ್ಟೇ ಅಥವಾ ಹೆಚ್ಚು ಗಾತ್ರದ ಹೊಸ ಡಿಸ್ಕನ್ನು ಕೂಡಿಸಿ, ಅದನ್ನು ಹಳೆಯದರಂತೆಯೇ ವಿಭಾಗಿಸಿ, ‘ಆಡ್’ ಆಜ್ಞೆ ಕೊಡಿ. ಪುನರ್ನಿರ್ಮಾಣ ಎಷ್ಟು ಶೇಕಡಾ ಆಗಿದೆ ಎಂಬುದು ಎಂಡಿಸ್ಟ್ಯಾಟ್‌ನಲ್ಲೇ ಕಾಣುತ್ತದೆ. ಇದಕ್ಕೆ ಗಂಟೆಗಳೇ ಹಿಡಿಯಬಹುದು. ಆ ವೇಳೆಯಲ್ಲಿ ಉಳಿದ ಡಿಸ್ಕನ್ನು ಮೊದಲಿಂದ ಕೊನೆಯವರೆಗೆ ಓದಬೇಕಾಗುವುದರಿಂದ ಅದರಲ್ಲಿ ಅಡಗಿದ್ದ ದೋಷವೂ ಹೊರಬೀಳಬಹುದು. ಮೊದಲೇ ನಕಲು ಮಾಡಿಕೊಳ್ಳಿ ಎಂದದ್ದು ಇದಕ್ಕಾಗಿಯೇ.

ಒಂದು ಎಚ್ಚರಿಕೆ. ಜೋಡಿ ತಾನಾಗಿ ಚಾಲೂ ಆಗದಿದ್ದರೆ ‘ಕ್ರಿಯೇಟ್’ ಆಜ್ಞೆಯನ್ನು ಮುಟ್ಟಬೇಡಿ. ಇರುವುದನ್ನು ಕೂಡಿಸುವುದು ‘ಅಸೆಂಬಲ್’. ‘ಕ್ರಿಯೇಟ್’ ಹೊಸ ಜೋಡಿಯನ್ನೇ ಮಾಡಲು ಹೊರಟು ಹಳೆಯ ಮಾಹಿತಿಗೆ ಕುತ್ತು ತರಬಹುದು.

ಕೊನೆಯದಾಗಿ, ರೇಡ್ ಬ್ಯಾಕಪ್ ಅಲ್ಲ. ತಪ್ಪಿ ಒಂದು ಕಡತ ಅಳಿಸಿದರೆ ಎರಡು ಡಿಸ್ಕುಗಳಿಂದಲೂ ಅದು ಅಳಿಯುತ್ತದೆ. ಸಿಡಿಲು ಬಡಿದರೆ ಎರಡೂ ಒಟ್ಟಿಗೆ ಹೋಗಬಹುದು. ಒಂದು ಪ್ರತಿ ಬೇರೆ ಕಟ್ಟಡದಲ್ಲಿರಲಿ. ಆ ಲೆಕ್ಕದ ಹಿಂದೆ ಮುಂಜಾನೆ ಎದ್ದು ಹಾಲು ಕರೆದವರ ದುಡಿಮೆ ಇದೆ ಎಂಬುದು ನೆನಪಿರಲಿ.